ಮುನ್ನೂರ ಹನ್ನೆರಡು ಹೆಸರುಗಳ ಕಟ್ಟೆ

ಈಗ ನೀವು ಹೋಗಿ ನೋಡಿದರೆ ಅಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ನದಿ ಇದೆ. ಆಚೆ ದಡದಲ್ಲಿ ಪಟ್ಟಣ, ಈಚೆ ದಡದಲ್ಲಿ ಬಡಾವಣೆ, ನಡುವೆ ಸೇತುವೆ. ಸೇತುವೆಯ ಬುಡದಲ್ಲಿ ನೀರಿಗೆ ತಾಗಿಕೊಂಡು ಒಂದೇ ಒಂದು ಕಲ್ಲಿನ ಮೆಟ್ಟಿಲು ಇದೆ, ಹಿಂದಿಲ್ಲ ಮುಂದಿಲ್ಲ. ಹೊಸಬರು ಯಾರಾದರೂ ಇದೇನ್ರೀ ಒಂಟಿ ಮೆಟ್ಟಿಲು ಅಂತ ಕೇಳಿದರೆ ಬಡಾವಣೆಯವರು, "ಅಯ್ಯೋ, ಅದು ನಿಂತು ಕೇಳೋ ಕಥೆ ಅಲ್ಲ, ಕೂತ್ಕೊಳ್ಳಿ" ಅನ್ನುತ್ತಾರೆ. ನೀವೂ ಕೂತುಕೊಳ್ಳಿ.

ಸೇತುವೆ ಇಲ್ಲದ ಕಾಲದಲ್ಲಿ ಅಲ್ಲಿ ಲಾಂಚಿನ ಕಟ್ಟೆ ಇತ್ತು. ಹದಿಮೂರು ಮೆಟ್ಟಿಲು, ಮೇಲೆ ಒಂದು ಕಬ್ಬಿಣದ ಗೇಟು, ಗೇಟಿನ ಪಕ್ಕ ಒಂದು ಸಣ್ಣ ಕೋಣೆ. ಬೆಳಿಗ್ಗೆ ಲಾಂಚು ಕೊಂಬು ಊದುತ್ತಿತ್ತು, ಬಡಾವಣೆ ಆಚೆ ದಡಕ್ಕೆ ಕೆಲಸಕ್ಕೆ ಹೋಗುತ್ತಿತ್ತು. ಸಂಜೆ ಲಾಂಚು ಕೊಂಬು ಊದುತ್ತಿತ್ತು, ಬಡಾವಣೆ ಮನೆಗೆ ಬರುತ್ತಿತ್ತು. ಇಷ್ಟು ವರ್ಷ ಹೀಗೆ ನಡೆಯಿತು ಅಂತ ಹೇಳಬಲ್ಲವರು ಯಾರೂ ಇಲ್ಲ.

ಕಟ್ಟೆಗೆ ಒಂದು ಕಟ್ಟಳೆ ಇತ್ತು. ಆಚೆ ದಡಕ್ಕೆ ಹೋಗುವವರು ತಮ್ಮ ಕರೆಯುವ ಹೆಸರನ್ನು ಕಟ್ಟೆಯಲ್ಲೇ ಬಿಟ್ಟು ಹೋಗಬೇಕು. ಬರೆಯುವ ಹೆಸರು ಬೇರೆ, ಕರೆಯುವ ಹೆಸರು ಬೇರೆ, ನಿಮಗೆ ಗೊತ್ತೇ ಇದೆ. ಬರೆಯುವ ಹೆಸರಿಗೆ ಇನಿಶಿಯಲ್ ಇರುತ್ತೆ. ಅದು ಅರ್ಜಿಗೆ, ಹಾಜರಿಗೆ, ಲಗ್ನಪತ್ರಿಕೆಗೆ. ಕರೆಯುವ ಹೆಸರು ಅಜ್ಜಿ ಎಣ್ಣೆ ತಿಕ್ಕುತ್ತಾ ಇಟ್ಟದ್ದು, ಅಮ್ಮ ಹಿತ್ತಲಲ್ಲಿ ನಿಂತು ಕೂಗಿದ್ದು. ಅದಕ್ಕೆ ಅರ್ಥ ಇರಲೇಬೇಕು ಅಂತೇನೂ ಇಲ್ಲ.

ಕಟ್ಟಳೆ ಸುಮ್ಮನೆ ಬಂದದ್ದಲ್ಲ. ಮೊದಮೊದಲು ಜನ ಎರಡು ಹೆಸರನ್ನೂ ಹೊತ್ತುಕೊಂಡೇ ಲಾಂಚು ಹತ್ತುತ್ತಿದ್ದರಂತೆ. ಆಚೆ ದಡದ ಆಫೀಸುಗಳಲ್ಲಿ ದಿನವಿಡೀ ಬೆಲ್ಲು ಹೊಡೆದು, ಕೂಗಿ, ಗದರಿ, ಸಂಜೆಯ ಹೊತ್ತಿಗೆ ಎರಡೂ ಹೆಸರು ಒಂದಕ್ಕೊಂದು ಅಂಟಿಕೊಂಡುಬಿಡುತ್ತಿದ್ದವು. ಒಂದು ಸಂಜೆ ಒಬ್ಬ ಮನೆಗೆ ಬಂದು ಜಗಲಿಯಲ್ಲಿ ಕೂತಿದ್ದಾನೆ. ಒಳಗಿಂದ ತಾಯಿ, "ಕೆಂಚಾ, ಊಟಕ್ಕೆ ಬಾರೋ" ಅಂದಳು. ಅವನು ದಡಕ್ಕನೆ ಎದ್ದು ನಿಂತು "ಬಂದೆ ಸಾರ್" ಅಂದ. ತಾಯಿಯ ಕೈಯಿಂದ ಸೌಟು ಜಾರಿ ಬಿತ್ತು. ಮಾರನೆಯ ಬೆಳಿಗ್ಗೆ ಅವಳು ಮಗನ ಹಿಂದೆಯೇ ಕಟ್ಟೆಗೆ ಬಂದು, ನೀರಿಗೆ ತಾಗಿದ ಕೊನೆಯ ಮೆಟ್ಟಿಲಲ್ಲಿ ನಿಂತು, ಅಂಗೈ ಚಾಚಿದಳು. "ಅದನ್ನ ಇಲ್ಲಿ ಕೊಟ್ಟು ಹೋಗು. ಸಂಜೆ ಬಂದಾಗ ತಗೊಳ್ಳುವಿಯಂತೆ" ಅಂದಳು. ಅವಳೇ ಮೊದಲ ಕಟ್ಟೆಯವಳು.

ಅಂದಿನಿಂದ ಬೆಳಿಗ್ಗೆ ಸಾಲು ನಿಲ್ಲುತ್ತಿತ್ತು. ಒಬ್ಬೊಬ್ಬರೂ ಬಗ್ಗಿ ಕಟ್ಟೆಯವಳ ಅಂಗೈಗೆ ಹೆಸರನ್ನು ಪಿಸುಗುಡುವರು. ಅವಳು ಮುಷ್ಟಿ ಮುಚ್ಚುವಳು, ಮುಷ್ಟಿಯನ್ನು ಕಿವಿಗೆ ಹಿಡಿಯುವಳು, ತಲೆಯಾಡಿಸುವಳು. ಮುಂದಿನವರು. ಮತ್ತೆ ಮುಂದಿನವರು. ಸಂಜೆ ಇಳಿದವರ ಕಿವಿಗೆ ಬಾಯಿಟ್ಟು, ಹೆಸರು ಹಿಡಿದು, "ಬಂದ್ಯಾ?" ಅನ್ನುವಳು. ಅವರು "ಬಂದೆ" ಅನ್ನುವರು. ಅಷ್ಟು ಹೇಳಿದ ಮೇಲೆಯೇ ಮನುಷ್ಯ ಮನೆಗೆ ಬಂದ ಹಾಗೆ. ಎಲ್ಲರ ಹೆಸರೂ ಕೈದಾಟಿದ ಮೇಲೆ ಕಟ್ಟೆಯವಳು ಗೇಟು ಎಳೆದುಕೊಂಡು ತನ್ನ ಮನೆಗೆ ಹೋಗುವಳು. ಒಂದೇ ಒಂದು ಹೆಸರು ಕೈಯಲ್ಲಿ ಉಳಿದಿದ್ದರೂ ಅವಳು ಗೇಟು ದಾಟುವ ಹಾಗಿಲ್ಲ.

ನಮ್ಮ ಕಥೆಯ ಕಟ್ಟೆಯವಳು ಆ ಸಾಲಿನಲ್ಲಿ ಕೊನೆಯವಳು. ಇಪ್ಪತ್ತೆಂಟರ ಹೆಂಗಸು, ಚುರುಕು, ಬಾಯಿ ಸ್ವಲ್ಪ ಜೋರು. ಸಾಲಿನಲ್ಲಿ ನುಗ್ಗುವವರನ್ನು, "ಏನ್ರೀ, ನಿಮ್ಮ ಹೆಸರಿಗೆ ಮಾತ್ರ ರೆಕ್ಕೆ ಬಂದಿದೆಯಾ?" ಅಂತ ಗದರುವಳು. ಅವಳ ಮನೆ ಗೇಟಿನಿಂದ ಇನ್ನೂರು ಹೆಜ್ಜೆ. ಮನೆಯಲ್ಲಿ ಅವಳು, ಅವಳ ಅಕ್ಕ, ಇಬ್ಬರೇ. ಅಕ್ಕ ಆಚೆ ದಡದ ಟೆಲಿಫೋನ್ ಆಫೀಸಿನಲ್ಲಿ ದಿನವಿಡೀ ಊರವರ ಮಾತನ್ನು ಊರವರಿಗೆ ಜೋಡಿಸಿಕೊಡುವ ಕೆಲಸದಲ್ಲಿದ್ದಳು. ಸಂಜೆ ಬೇಕೆಂದೇ ಎಲ್ಲರಿಗಿಂತ ಕೊನೆಗೆ ಇಳಿಯುವಳು. ತನ್ನ ಹೆಸರು ತಗೊಂಡು, ಮೆಟ್ಟಿಲು ಹತ್ತಿ, ಗೇಟಿನಾಚೆ ನಿಂತು, ತಂಗಿಯ ಕರೆಯುವ ಹೆಸರನ್ನು ಇಡೀ ಬೀದಿಗೆ ಕೇಳುವ ಹಾಗೆ ಕೂಗಿ, "ಬಂದ್ಯೇನೇ?" ಅನ್ನುವಳು. ತಂಗಿ ಗೇಟು ಎಳೆಯುತ್ತಾ "ಬಂದೆ ಕಣೇ" ಅನ್ನುವಳು. ಊರನ್ನೆಲ್ಲ ಮನೆಗೆ ಕರೆಯುವವಳನ್ನು ಕರೆಯುವವಳು ಅವಳೊಬ್ಬಳೇ.

ಆಮೇಲೆ ಸೇತುವೆ ಬಂತು.

ಸೇತುವೆ ತೆರೆದ ದಿನವೂ ಬೆಳಿಗ್ಗೆ ಎಂದಿನಂತೆ ಲಾಂಚು ಕೊಂಬು ಊದಿತು. ಎಂದಿನಂತೆ ಸಾಲು ನಿಂತಿತು. ಮುನ್ನೂರ ಹನ್ನೆರಡು ಜನ ಮುನ್ನೂರ ಹನ್ನೆರಡು ಹೆಸರು ಕೊಟ್ಟು ಹೋದರು. ಸಂಜೆ ಆಚೆ ದಡದಲ್ಲಿ ಬ್ಯಾಂಡು, ಬಾವುಟ, ಸೇತುವೆಯ ಮೇಲೆ ಹೊಸ ಬಸ್ಸು. ಅವತ್ತೊಂದು ದಿನ ಬಸ್ಸು ಪುಕ್ಕಟೆ, ಹತ್ತಿದವರ ಕೈಗೆ ಒಂದೊಂದು ಲಾಡು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವತ್ತೊಂದಿನ ಇದರಲ್ಲಿ ಹೋಗಿ ನೋಡೋಣ, ನಾಳೆ ಲಾಂಚು ಇದ್ದೇ ಇರುತ್ತೆ ಅಂದುಕೊಂಡರು. ಎಲ್ಲರೂ ಅದನ್ನೇ ಅಂದುಕೊಂಡರು. ಅಕ್ಕನೂ ಅಂದುಕೊಂಡಳು. ತಂಗಿಗೆ ಅರ್ಧ ಲಾಡು ಉಳಿಸಿಕೊಂಡು ಹೋಗೋಣ ಅಂತ ಸೆರಗಿನ ತುದಿಗೆ ಕಟ್ಟಿಕೊಂಡಳು ಬೇರೆ.

ಲಾಂಚು ಆಚೆ ದಡದಲ್ಲಿ ಕಾಯಿತು, ಕೊಂಬು ಊದಿತು, ಮತ್ತೆ ಊದಿತು, ಖಾಲಿ ಬಂತು. ಲಾಂಚಿನವನು ಹಗ್ಗ ಕಟ್ಟಿ, ಟೋಪಿ ತೆಗೆದು, "ಒಂದು ಲಾಡಿಗೆ, ತಾಯೀ. ಒಂದು ಲಾಡಿಗೆ" ಅಂತ ಹೇಳಿ ಹೊರಟುಹೋದ. ಆ ವಾರವೇ ಲಾಂಚು ಗುಜರಿಗೆ ಹೋಯಿತು.

ಮಾರನೆಯ ದಿನ ಒಂದಷ್ಟು ಜನ ಬೀದಿಯ ಕಡೆಯಿಂದ, ಗೇಟಿನ ಕಡೆಯಿಂದ ನಡೆದು ಬಂದು ಹೆಸರು ಕೇಳಿದರು. ಕಟ್ಟೆಯವಳು ಬಾಯಿ ತೆರೆದಳು, ಹೆಸರು ಬರಲಿಲ್ಲ. ನೀರಿನ ಮೇಲೆ ಹೋದವರು ನೀರಿನ ಮೇಲೆ ಬಂದರೇ ಬಂದ ಹಾಗೆ. ಇವರು ಇನ್ನೂ ಬಂದಿರಲಿಲ್ಲ. "ಸರಿ ಬಿಡಿ, ಆಮೇಲೆ ನೋಡೋಣ" ಅಂತ ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಓಡಿದರು. ಬೇರೆ ದೋಣಿ ಇರಲಿಲ್ಲವಾ ಅಂತ ನೀವು ಕೇಳಬಹುದು. ಬಿಟ್ಟದ್ದು ನೆನಪಿದ್ದವರಿಗೆ ತಾನೇ ದೋಣಿಯ ನೆನಪು? ಕರೆಯುವ ಹೆಸರು ಕೈತಪ್ಪಿದವರಿಗೆ, ಅದು ಕೈತಪ್ಪಿದೆ ಅನ್ನುವುದೂ ಒಂದೆರಡು ತಿಂಗಳಲ್ಲಿ ಮರೆತುಹೋಗುತ್ತೆ. ನೆನಪಿಸೋಣ ಅಂದರೆ ಕಟ್ಟೆಯವಳು ಯಾರನ್ನೂ ತಾನಾಗಿ ಕರೆಯುವ ಹಾಗಿಲ್ಲ. ಕೇಳಿ ಬಂದವರಿಗೆ ಕೊಡಬೇಕು, ಅಷ್ಟೇ ಅವಳ ಕೆಲಸ. "ಆಮೇಲೆ" ಅನ್ನುವುದು ಇಪ್ಪತ್ತೆರಡು ವರ್ಷ ಆಯಿತು.

ಆ ಇಪ್ಪತ್ತೆರಡು ವರ್ಷದಲ್ಲಿ ಬಡಾವಣೆ ಹೇಗಿತ್ತು ಅಂತೀರಿ? ಜೋರಾಗಿತ್ತು. ಮನೆ ಮೇಲೆ ಮನೆ ಎದ್ದವು. ಆದರೆ ಹೆಂಡತಿ ಗಂಡನಿಗೆ, "ಟಪಾಲು ವಿಭಾಗದವರೇ, ಅನ್ನ ಬಡಿಸಲಾ?" ಅನ್ನುವಳು. ಗಂಡ, "ದಯವಿಟ್ಟು" ಅನ್ನುವನು. ತೊಟ್ಟಿಲು ತೂಗುವಾಗ ಇನಿಶಿಯಲ್ ಸಮೇತ ಪೂರ್ತಿ ಹೆಸರು ಹೇಳಿ ಜೋಗುಳ ಹಾಡುವರು. ಮಗುವೋ, ಹಾಜರಿ ಕೂಗಿದರೇನೋ ಅಂತ ಕಣ್ಣು ಬಿಟ್ಟುಕೊಂಡೇ ಇರುವುದು. ತನ್ನ ಕರೆಯುವ ಹೆಸರು ಕಳೆದುಕೊಂಡವನ ಬಾಯಲ್ಲಿ ಬೇರೆಯವರ ಕರೆಯುವ ಹೆಸರೂ ಹೊರಡದು. ಆ ಟಪಾಲು ಗುಮಾಸ್ತನ ತಾಯಿ ಕೊನೆಗಾಲದಲ್ಲಿ ಮೂರು ದಿನ ಮಗನ ಮುಖ ನೋಡುತ್ತಾ ತುಟಿ ಅಲ್ಲಾಡಿಸಿದಳು. ಏನನ್ನೋ ಹುಡುಕುತ್ತಿದ್ದಳು. ಹೆಸರು ಕಟ್ಟೆಯಲ್ಲಿತ್ತು, ಎಲ್ಲಿಂದ ಸಿಗಬೇಕು? ಕೊನೆಗೆ ಇನಿಶಿಯಲ್ ಹಿಡಿದು ಕರೆದು ಕಣ್ಣು ಮುಚ್ಚಿದಳು. ಪಾಪ.

ಕಟ್ಟೆಯವಳು ಗೇಟು ದಾಟಲಿಲ್ಲ. ಕೋಣೆಯಲ್ಲೇ ಇದ್ದಳು. ಇನ್ನೂರು ಹೆಜ್ಜೆ ದೂರದ ತನ್ನ ಮನೆಯ ಹೆಂಚನ್ನು ಕಿಟಕಿಯಿಂದ ನೋಡುತ್ತಾ ತಲೆ ನರೆಸಿಕೊಂಡಳು. ಅಕ್ಕ ದಿನವೂ ಕ್ಯಾರಿಯರಿನಲ್ಲಿ ಊಟ ತಂದು ಗೇಟಿನ ಸರಳಿನ ನಡುವೆ ದಾಟಿಸುವಳು.

"ಊಟ ತಂದಿದ್ದೀನಿ ನೋಡಿ, ಕಟ್ಟೆಯವರೇ."

"ಯಾಕೆ ತರ್ತೀರಿ, ದಿನಾ?"

"ಗೊತ್ತಿಲ್ಲಪ್ಪ. ತರಬೇಕು ಅನ್ನಿಸುತ್ತೆ. ಬೇಡ ಅಂದ್ರೆ ನಿಲ್ಲಿಸ್ತೀನಿ."

"ಬೇಡ ಅನ್ನೋದಿಲ್ಲ" ಅನ್ನುವಳು ಕಟ್ಟೆಯವಳು. ಒಡಹುಟ್ಟಿದವಳು ಬಹುವಚನದಲ್ಲಿ ಮಾತಾಡಿಸಿದರೆ ಹೇಗಿರುತ್ತೆ ಅಂತ ಕೇಳಿಸಿಕೊಂಡವರಿಗೇ ಗೊತ್ತು. ಕೆಲವೊಮ್ಮೆ ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ ಎಳ್ಳು ಬೆಲ್ಲ ಕುಟ್ಟಿ ಕಟ್ಟಿದ ಚಿಗಳಿ ಉಂಡೆ ಇರುವುದು. "ಇದ್ಯಾಕೆ ಇವತ್ತು?" ಅಂದರೆ, "ಏನೋ, ಕೈ ತಾನಾಗೇ ಕಟ್ಟಿತು" ಅನ್ನುವಳು ಅಕ್ಕ. ಕಟ್ಟೆಯವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿರುವಳು. ಅವಳಿಗೆ ಈ ಜಗತ್ತಿನಲ್ಲಿ ಬೇಕಿದ್ದದ್ದು ಒಂದೇ. ಅಕ್ಕ ಗೇಟಿನಾಚೆ ನಿಂತು ಹಿಂದಿನ ಹಾಗೆ ಒಂದು ಸಲ ಕೂಗಬೇಕು, ತಾನು ಮನೆಗೆ ಹೋಗಬೇಕು.

ದಿನಾ ಸಂಜೆ ಲಾಂಚು ಬರುತ್ತಿದ್ದ ಹೊತ್ತಿಗೆ ಅವಳು ಕೊನೆಯ ಮೆಟ್ಟಿಲಿಗೆ ಇಳಿದು, ನೀರಿಗೆ ಮುಖ ಮಾಡಿ, ಹೆಸರುಗಳನ್ನೆಲ್ಲ ಒಂದೊಂದಾಗಿ ಮನಸ್ಸಿನಲ್ಲೇ ಹೇಳಿಕೊಳ್ಳುವಳು. ಬರೆದಿಡುವ ಹಾಗಿಲ್ಲ. ಬರೆದರೆ ಅದು ಬರೆಯುವ ಹೆಸರಾಗಿಬಿಡುತ್ತೆ. ಮುದ್ದೆ, ಸಣ್ಣಿ, ಬೆಣ್ಣೆ, ಗುಡುಗು, ತಂಗಾಳಿ, ಮೂಗುಬಟ್ಟು, ಚೋಟು, ಗುಬ್ಬಿ. ನಾನು ಹೀಗೆ ಬಾಯಿಬಿಟ್ಟು ಹೇಳಬಾರದಿತ್ತು, ಆದರೆ ಅವರೆಲ್ಲ ತಗೊಂಡಾಯಿತಲ್ಲ, ಈಗ ಪರವಾಗಿಲ್ಲ. ಬೆರಳ ಗಿಣ್ಣು ಮಡಿಸಿ ಮಡಿಸಿ ಎಣಿಸುವಳು. ಮುನ್ನೂರ ಹನ್ನೊಂದು ಬರುತ್ತಿತ್ತು. ಮತ್ತೆ ಎಣಿಸಿದರೂ ಮುನ್ನೂರ ಹನ್ನೊಂದು. ಒಂದು ಹೆಸರು ಎಲ್ಲೋ ಕೈಜಾರಿತ್ತು.

ಯಾರದು ಅಂತ ಅವಳಿಗೆ ಗೊತ್ತಿತ್ತು. ಅವತ್ತು ಸಾಲಿನ ಕೊನೆಗೆ ಒಬ್ಬ ಹೊಸ ಹುಡುಗ ನಿಂತಿದ್ದ. ಕೆಲಸಕ್ಕೆ ಅದೇ ಮೊದಲ ದಿನ. ತಲೆಗೆ ಎಣ್ಣೆ, ಅಳತೆ ಮೀರಿದ ಪ್ಯಾಂಟು, ತಲೆಗಿಂತ ಮುಂದೆ ಬೆಳೆದ ಎರಡು ಕಿವಿ. ಬಗ್ಗಿ ಏನೋ ಹೇಳಿದ್ದ. ಅವಳು ಮುಷ್ಟಿ ಮುಚ್ಚಿದ್ದಳು. ಮುಷ್ಟಿ ಯಾಕೋ ಹಗುರ ಅನ್ನಿಸಿತ್ತು, ಲಾಂಚು ಹೊರಡುವ ಗಡಿಬಿಡಿಯಲ್ಲಿ ಬಿಟ್ಟಿದ್ದಳು. ಬೇರೆಯವರ ಹೆಸರನ್ನು ಸಾವಿರ ಸಲ ಪಡೆದು ಸಾವಿರ ಸಲ ಕೊಟ್ಟವಳು. ಅವನದನ್ನು ಕೇಳಿದ್ದು ಒಂದೇ ಸಲ. "ಒಬ್ಬನ ಮನೆ ಹಾಳುಮಾಡಿದೆನಲ್ಲ" ಅಂತ ಅವಳು ತನ್ನನ್ನೇ ಬೈದುಕೊಳ್ಳದ ದಿನವಿಲ್ಲ. ಆ ಒಂದು ಸಿಗದೆ ಹೋದರೆ ಉಳಿದವರೆಲ್ಲ ಬಂದರೂ ತಾನು ಗೇಟು ದಾಟುವಂತಿಲ್ಲ ಅನ್ನುವುದೂ ಅವಳಿಗೆ ಗೊತ್ತಿತ್ತು.

ಹೀಗಿರುವಾಗ ಅಳತೆಯವನು ಬಂದ.

ನಲವತ್ತರ ಗಂಡಸು, ಕೈಯಲ್ಲಿ ಟೇಪು, ಕಂಕುಳಲ್ಲಿ ಫೈಲು, ಕಿವಿ ಮುಚ್ಚುವ ಹಾಗೆ ಒಂದು ಟೋಪಿ. ಅವನ ಹಿಂದೆ ಆಚೆ ದಡದಲ್ಲಿ ಒಂದು ದೊಡ್ಡ ಕಬ್ಬಿಣದ ಸರಕು ದೋಣಿ, ಬಾರ್ಜು ಅಂತಾರಲ್ಲ ಅದು, ಬಂದು ನಿಂತಿತ್ತು. ಕಟ್ಟೆ ಒಡೆದು ಕಲ್ಲು ಸಾಗಿಸಲಿಕ್ಕೆ.

"ಎಂಟು ದಿನದಲ್ಲಿ ಕಟ್ಟೆ ತೆಗೀತಾರೆ" ಅಂದ ಅಳತೆಯವನು, ನೆಲ ನೋಡುತ್ತಾ. "ಅಪ್ಪಣೆ ಆಗಿದೆ. ನಾನು ಅಳತೆ ಬರ್ಕೊಂಡು ಹೋಗಬೇಕು."

ಕಟ್ಟೆ ಹೋದರೆ ಕಟ್ಟೆಯಲ್ಲಿದ್ದದ್ದೆಲ್ಲ ನೀರುಪಾಲು. ಮುದ್ದೆಯೂ, ಗುಡುಗೂ, ಗುಬ್ಬಿಯೂ.

ಅವನು ಅಳೆದ. ಮೆಟ್ಟಿಲು ಅಳೆದ, ಗೇಟು ಅಳೆದ, ಕೋಣೆ ಅಳೆದ. ಆಮೇಲೆ ಫೈಲು ತೆಗೆದು, ಒಂದು ಕಾಲಂ ಮೇಲೆ ಬೆರಳಿಟ್ಟು, "ಕಟ್ಟೆಯಲ್ಲಿ ಉಳಿದಿರೋ ಸಾಮಾನು ಅಂತ ಕೇಳ್ತಾರೆ. ಏನಾದ್ರೂ ಇದೆಯಾ?" ಅಂದ.

"ಮುನ್ನೂರ ಹನ್ನೆರಡು ಹೆಸರಿದೆ" ಅಂದಳು ಕಟ್ಟೆಯವಳು. ನಗುತ್ತಾನೆ ಅಂತ ಕಾದಳು.

ಅವನು ನಗಲಿಲ್ಲ. "ಮುನ್ನೂರ ಹನ್ನೆರಡು" ಅಂತ ತಿದ್ದಿ ತಿದ್ದಿ ಬರೆದ.

"ಸಾಮಾನು ಇದ್ರೆ ಒಡೆಯೋ ಹಾಗಿಲ್ಲ" ಅಂದ. "ಬಿಟ್ಟುಹೋದವರಿಗೆ ನೋಟೀಸು ಹಾಕಬೇಕು. ಅವರು ಬಂದು ತಗೊಂಡು ಹೋಗಬೇಕು. ಆಮೇಲೇನೇ ಸುತ್ತಿಗೆ."

"ನಾನು ಯಾರನ್ನೂ ಕರೆಯೋ ಹಾಗಿಲ್ಲಪ್ಪ. ಅದು ಕಟ್ಟಳೆ."

"ನೀವು ಯಾಕೆ ಕರೀತೀರಿ? ಸರ್ಕಾರ ಕರಿಯುತ್ತೆ" ಅಂದ ಅವನು.

"ನೀರಿನ ಮೇಲೆ ಬರಬೇಕು ಅವರು."

"ಬಾರ್ಜು ಇದೆಯಲ್ಲ. ಕಲ್ಲು ಸಾಗಿಸೋ ಮೊದಲು ಒಂದು ಸಲ ನೀರಿಗಿಳಿಸಿ ಪರೀಕ್ಷೆ ಮಾಡ್ಬೇಕು ಅಂತ ನಿಯಮಾನೂ ಇದೆ. ಭಾರ ಹೊರಿಸಿ." ಅವನು ಟೋಪಿಯನ್ನು ಕಿವಿಯ ಮೇಲೆ ಇನ್ನಷ್ಟು ಎಳೆದುಕೊಂಡ. "ಜನವೂ ಭಾರವೇ ತಾನೇ?"

ಕಟ್ಟೆಯವಳು ಅವನನ್ನೇ ನೋಡಿದಳು. ಆಚೆ ದಡದ ಆಫೀಸಿನವರಲ್ಲಿ ಇಷ್ಟು ಒಳ್ಳೆಯ ಬುದ್ಧಿ ಇರುತ್ತೆ ಅಂತ ಅವಳಿಗೆ ಗೊತ್ತಿರಲಿಲ್ಲ.

ನೋಟೀಸು ಆಚೆ ದಡದ ಬಸ್‌ಸ್ಟ್ಯಾಂಡಿನಲ್ಲಿ ಬಿತ್ತು. ಹಳೆಯ ಲಾಂಚುಕಟ್ಟೆಯಲ್ಲಿ ನಿಮ್ಮ ಸ್ವತ್ತು ಉಳಿದಿದೆ, ಶುಕ್ರವಾರ ಸಂಜೆ ಬಾರ್ಜಿನಲ್ಲಿ ಬಂದು ಖುದ್ದಾಗಿ ಕೇಳಿ ಪಡೆಯತಕ್ಕದ್ದು, ತೀರಿಕೊಂಡವರ ಪರವಾಗಿ ಮನೆಯವರು ಬರಬಹುದು. ಜನ ಗುಂಪುಗೂಡಿ ಓದಿದರು. ಒಬ್ಬರಿಗೆ ಕಳೆದುಹೋದ ಛತ್ರಿ ನೆನಪಾಯಿತು, ಒಬ್ಬರಿಗೆ ಟಿಫಿನ್ ಡಬ್ಬಿ, ಒಬ್ಬರಿಗೆ ಮದುವೆಯಲ್ಲಿ ಕೊಟ್ಟ ಕೈಗಡಿಯಾರ. ಏನೂ ನೆನಪಾಗದವರು, "ಬಿಟ್ಟಿ ಸಿಕ್ಕಿದ್ರೆ ಯಾಕೆ ಬಿಡೋದು, ಹೋಗೋಣ ನಡೀರಿ" ಅಂದರು. ಲಾಡಿಗೆ ಹೋದವರು ಛತ್ರಿಗೆ ಬಂದರು. ಹೇಗೋ ಬಂದರಲ್ಲ, ಸಾಕು.

ಶುಕ್ರವಾರ ಸಂಜೆ, ಇಪ್ಪತ್ತೆರಡು ವರ್ಷದ ಮೇಲೆ, ನೀರಿನ ಮೇಲೆ ಕೊಂಬು ಕೇಳಿಸಿತು.

ಕಟ್ಟೆಯವಳು ತಲೆ ಬಾಚಿಕೊಂಡು, ಸೆರಗು ಸಿಕ್ಕಿಸಿಕೊಂಡು, ಕೊನೆಯ ಮೆಟ್ಟಿಲಲ್ಲಿ ನಿಂತಿದ್ದಳು. ಬಾರ್ಜು ಬಂದು ಕಲ್ಲಿಗೆ ತಾಗಿತು. ಮೊದಲು ಇಳಿದವನು ಟಪಾಲು ಗುಮಾಸ್ತ. ಇಳಿಯುತ್ತಲೇ ಜಗಳಕ್ಕೆ ನಿಂತ.

"ಎಲ್ರೀ ನನ್ನ ಛತ್ರಿ? ಮರದ ಹಿಡಿ ಇತ್ತು. ಬೇರೆ ಯಾವುದನ್ನಾದ್ರೂ ಕೊಟ್ಟು ಸಾಗಹಾಕಿದ್ರೆ ನಾನು ಸುಮ್ನಿರಲ್ಲ."

ಕಟ್ಟೆಯವಳು ಅವನ ಕಿವಿಗೆ ಬಾಯಿಟ್ಟು ಹೇಳಿದಳು. "ಮುದ್ದೇ, ಬಂದ್ಯಾ?"

ಗುಮಾಸ್ತ ಹಾಗೇ ನಿಂತ. ಹಿಂದಿನವರು "ಸರೀರಿ, ಜಾಗ ಬಿಡ್ರಿ" ಅಂತ ಗಲಾಟೆ ಮಾಡುತ್ತಿದ್ದರು. ಅವನು ಮೆಟ್ಟಿಲ ಮೇಲೆ ಕುಸಿದು ಕೂತು, ಮಂಡಿಗೆ ಮುಖ ಒತ್ತಿ ಅತ್ತುಬಿಟ್ಟ. "ಇದನ್ನೇ ಕಣ್ರೀ... ನಮ್ಮಮ್ಮ ಮೂರು ದಿನ ಇದನ್ನೇ ಹುಡುಕ್ತಿದ್ಲು ಕಣ್ರೀ."

"ಮೊದಲು ಉತ್ತರ ಕೊಡೋ" ಅಂದಳು ಕಟ್ಟೆಯವಳು. ಅವಳ ಕೆನ್ನೆಯೂ ಒದ್ದೆಯಾಗಿತ್ತು. "ಬಂದ್ಯಾ?"

"ಬಂದೆ" ಅಂದ ಗುಮಾಸ್ತ. "ಬಂದೆ, ಬಂದೆ."

ಹಿಂದಿನವರ ಗಲಾಟೆ ನಿಂತುಹೋಯಿತು. ಯಾರೂ ಛತ್ರಿಯ ಮಾತೆತ್ತಲಿಲ್ಲ. ಮತ್ತೆ ಮೊದಲಿನಂತೆ ಸಾಲು ತಾನಾಗಿಯೇ ನಿಂತಿತು. ಬೆಣ್ಣೇ, ಬಂದ್ಯಾ? ಬಂದೆ. ಗುಡುಗೂ, ಬಂದ್ಯಾ? ಬಂದೆ. ಚೋಟೂ, ಬಂದ್ಯಾ? ಚೋಟು ಆರಡಿಯ ಆಳು, ಹೆಡ್‌ಮಾಸ್ತರಾಗಿ ನಿವೃತ್ತಿಯಾದವನು, ಬಗ್ಗಿ ಕಟ್ಟೆಯವಳ ಕಾಲು ಮುಟ್ಟಿದ. ತೀರಿಕೊಂಡವರ ಹೆಸರುಗಳನ್ನು ಅವರ ಮಕ್ಕಳು, ಸೊಸೆಯಂದಿರು ಕೇಳಿ ಪಡೆದರು. ತಂಗಾಳಿ ಅನ್ನುವ ಹೆಸರನ್ನು ಒಬ್ಬ ಸೊಸೆ ಸೊಂಟದಲ್ಲಿದ್ದ ಎಳೆಗೂಸಿನ ಕಿವಿಗೇ ಹೇಳಿಸಿಕೊಂಡಳು. ಕೂಸು ನಕ್ಕಿತು. ಅದಕ್ಕೂ ಇನಿಶಿಯಲ್ ಸಾಕಾಗಿಹೋಗಿತ್ತೋ ಏನೋ.

ಬಾರ್ಜು ಹೋಯಿತು, ಬಂತು. ಹೋಯಿತು, ಬಂತು. ಮೇಲೆ ಬೀದಿಯಲ್ಲಿ ಜನ ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗಿಕೊಂಡು, ಸುಮ್ಮನೆ ಪರೀಕ್ಷೆಗೆ ಅಂತ ಮತ್ತೆ ಕೂಗಿಕೊಂಡು, ಹುಚ್ಚು ಹಿಡಿದವರ ಹಾಗೆ ನಗುತ್ತಿದ್ದರು.

ಕೊನೆಯ ಬಾರ್ಜಿನಲ್ಲಿ ಅಕ್ಕ ಬಂದಳು. ಎಂದಿನ ಅಭ್ಯಾಸ, ಕಾರಣ ಗೊತ್ತಿಲ್ಲದಿದ್ದರೂ ಎಲ್ಲರೂ ಇಳಿಯಲಿ ಅಂತ ಹಿಂದೆ ನಿಂತಿದ್ದಳು. ಕೈಯಲ್ಲಿ ಊಟದ ಕ್ಯಾರಿಯರು. "ನನ್ನದೂ ಏನೋ ಇದೆಯಂತಲ್ಲ, ಕಟ್ಟೆಯವರೇ" ಅಂದಳು.

ಕಟ್ಟೆಯವಳು ಅಕ್ಕನ ಭುಜ ಹಿಡಿದು, ಕಿವಿಗೆ ಹೇಳಿದಳು. "ಗುಬ್ಬೀ, ಬಂದ್ಯಾ?"

"ಬಂದೆ" ಅಂದಳು ಅಕ್ಕ. ಅಂದವಳೇ ತಂಗಿಯ ಮುಖ ನೋಡಿದಳು. ನರೆತ ತಲೆ ನೋಡಿದಳು, ಒಡೆದ ಕಾಲು ನೋಡಿದಳು, ಕೈಯಲ್ಲಿದ್ದ ಕ್ಯಾರಿಯರು ನೋಡಿದಳು. ಇಪ್ಪತ್ತೆರಡು ವರ್ಷ ಒಟ್ಟಿಗೆ ಅರ್ಥವಾಯಿತು. "ಅಯ್ಯೋ ನನ್ನ ಬಂಗಾರವೇ" ಅಂತ ಬಾಯಿಗೆ ಕೈ ಒತ್ತಿಕೊಂಡಳು. ಇನ್ನೇನು ಹೆಸರು ಹಿಡಿದು ಕರೆಯಬೇಕು, ಕಟ್ಟೆಯವಳು ಅವಳನ್ನು ತಡೆದಳು.

"ಈಗಲೇ ಕರೀಬೇಡ ಕಣೇ. ಇನ್ನೂ ಒಬ್ಬ ಇದ್ದಾನೆ. ನೀನು ಮೇಲೆ ಹೋಗು."

ಅಕ್ಕ ಹದಿಮೂರು ಮೆಟ್ಟಿಲು ಹತ್ತಿ, ಗೇಟು ದಾಟಿ, ಆಚೆ ನಿಂತಳು.

ಬಾರ್ಜಿನಲ್ಲಿ ಉಳಿದವನು ಅಳತೆಯವನೊಬ್ಬನೇ. ಇಳಿದು ಬಂದು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಎರಡು ಕಿವಿ ಹೊರಗೆ ಬಂದವು. ಕಟ್ಟೆಯವಳು ಆ ಕಿವಿಗಳನ್ನೇ ನೋಡಿದಳು.

"ನೀನಾ?" ಅಂದಳು. ಹಿಂದಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಅಪ್ಪಾ, ಎ‌ಲ್ಲರದನ್ನೂ ಕೊಡಿಸಿದವನು ನೀನು. ನಿನ್ನದೊಂದೇ ನನ್ನ ಹತ್ತಿರ ಇಲ್ಲ. ಕಳ್ಕೊಂಡುಬಿಟ್ಟೆ. ದಿನಾ ಹುಡುಕಿದೆ ಕಣೋ, ದಿನಾ. ನಿನ್ನ ಮುಖ ನೆನಪಿದೆ, ಕಿವಿ ನೆನಪಿದೆ, ಹೆಸರು ಹೋಯ್ತು. ನನ್ನನ್ನ ಏನು ಬೇಕಾದ್ರೂ ಅನ್ನು."

ಅಳತೆಯವನು ಅವಳ ಕೆಳಗಿನ ಮೆಟ್ಟಿಲಲ್ಲಿ ಕೂತ. ನೀರು ಅವನ ಬೂಟಿಗೆ ಬಡಿಯುತ್ತಿತ್ತು.

"ನೀವು ಕಳ್ಕೊಂಡಿಲ್ಲ" ಅಂದ. "ನಾನು ಕೊಟ್ಟೇ ಇರಲಿಲ್ಲ."

"ಹಾಗಂದ್ರೆ?"

"ಅವತ್ತು ನನಗೆ ಹದಿನೆಂಟು. ಮೊದಲ ದಿನ, ಹೊಸ ಪ್ಯಾಂಟು. ನೀವು ಕೈ ಚಾಚಿ ನಿಂತಿದ್ರಿ. ನಮ್ಮಮ್ಮ ನನ್ನ ಕರೆಯೋ ಹೆಸರು ನಿಮ್ಮೆದುರಿಗೆ ಹೇಳೋಕೆ ನಾಚಿಕೆ ಆಯ್ತು, ನಕ್ಕುಬಿಡ್ತೀರಿ ಅಂತ. ಅದಕ್ಕೆ ಬಾಯಿಗೆ ಬಂದದ್ದು ಹೇಳ್ದೆ. 'ದೊರೆ' ಅಂದೆ. ನಮ್ಮ ಮನೆಯಲ್ಲಿ ನನ್ನನ್ನ ಯಾರೂ ದೊರೆ ಅಂದಿಲ್ಲ." ಅವನ ಕಿವಿ ಕೆಂಪಾಯಿತು. "ನಿಜವಾದದ್ದನ್ನ ಬಾಯಲ್ಲೇ ಇಟ್ಕೊಂಡು ದಾಟಿದೆ. ಅವತ್ತೇ ಲಾಂಚು ನಿಂತುಹೋಯ್ತು. ನಾನು ಕಟ್ಟಳೆ ಮುರಿದದ್ದಕ್ಕೇ ಯಾರೂ ಮನೆಗೆ ಬರಲಿಲ್ಲ ಅಂದ್ಕೊಂಡೆ. ಇಡೀ ಊರಲ್ಲಿ ನನ್ನೊಬ್ಬನನ್ನೇ ಅಮ್ಮ ಹೆಸರು ಹಿಡಿದು ಕರೀತಿದ್ಲು. ಅಕ್ಕಪಕ್ಕದವರಿಗೆ ಕೇಳಿಸಬಾರದು ಅಂತ ಕಿಟಕಿ ಮುಚ್ಚಿ ಕರೀತಿದ್ಲು. ನಾನು ಕಳ್ಳನ ಹಾಗೆ ಉಣ್ತಿದ್ದೆ. ಈ ಕಟ್ಟೆಯ ಫೈಲು ಬಂದಾಗ ನನಗೇ ಕೊಡಿ ಅಂತ ಕೇಳ್ಕೊಂಡು ಬಂದೆ."

ಕಟ್ಟೆಯವಳು ತನ್ನ ಬಲ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. "ಅದಕ್ಕೇ ಅವತ್ತು ಮುಷ್ಟಿ ಹಗುರ ಇತ್ತು" ಅಂದಳು, ನಿಧಾನವಾಗಿ. "ಇಲ್ಲದ ಹೆಸರನ್ನ ಇಪ್ಪತ್ತೆರಡು ವರ್ಷ ಹುಡುಕಿದೆನಲ್ಲೋ, ಪಾಪಿ!" ಅವನ ಬೆನ್ನಿಗೊಂದು ಗುದ್ದಿದಳು. "ಲಾಂಚು ನಿಂತದ್ದು ನಿನ್ನಿಂದಲ್ಲ ಕಣೋ, ಲಾಡಿನಿಂದ! ಅದನ್ನ ತಲೆಮೇಲೆ ಹೊತ್ಕೊಂಡು ತಿರುಗಿದ್ಯಾ ಇಷ್ಟು ದಿನ?"

ಅಳತೆಯವನು ನಗಲೂ ಇಲ್ಲ, ಅಳಲೂ ಇಲ್ಲ, ಎರಡೂ ಒಟ್ಟಿಗೆ ಬಂದು ಮುಖ ಕಿವುಚಿದ.

ಅವಳು ಅಂಗೈ ಚಾಚಿದಳು. "ಹೂಂ. ಈಗ ಕೊಡು. ಸರಿಯಾಗಿ."

ಅವನು ಬಗ್ಗಿದ. ಅವಳ ಅಂಗೈಗೆ ಪಿಸುಗುಟ್ಟಿದ. ಅವಳು ಮುಷ್ಟಿ ಮುಚ್ಚಿದಳು. ಮುಷ್ಟಿ ಭಾರವಾಗಿತ್ತು, ಬೆಚ್ಚಗಿತ್ತು. ಕಿವಿಗೆ ಹಿಡಿದಳು. ತಡೆಯಲಾಗಲಿಲ್ಲ. ಗೇಟಿನವರೆಗೂ ಕೇಳುವ ಹಾಗೆ ನಕ್ಕುಬಿಟ್ಟಳು.

"ನೋಡಿದ್ರಾ, ನಕ್ರಿ" ಅಂದ ಅವನು.

"ನಗದೆ ಏನು ಮಾಡಲಿ? ಆ ಕಿವಿಗೆ ಬೇರೆ ಯಾವ ಹೆಸರು ಇಟ್ಟಾರು?" ಕಣ್ಣೊರೆಸಿಕೊಂಡು, ಅವನ ಕಿವಿಯ ಹತ್ತಿರ ಬಗ್ಗಿ, ತುಂಬ ಅಕ್ಕರೆಯಿಂದ ಕೇಳಿದಳು. "ಹಪ್ಪಳಾ, ಬಂದ್ಯಾ?"

"ಬಂದೆ" ಅಂದ ಅಳತೆಯವನು.

ಆಮೇಲೆ ಅವನು ಫೈಲು ತೆಗೆದು, ಮುನ್ನೂರ ಹನ್ನೆರಡನ್ನು ಹೊಡೆದುಹಾಕಿ, ಏನೂ ಉಳಿದಿಲ್ಲ ಅಂತ ಬರೆದ. ಮೆಟ್ಟಿಲ ಸಂಖ್ಯೆ ಹದಿಮೂರು ಅಂತಿದ್ದದ್ದನ್ನು ಹನ್ನೆರಡು ಅಂತ ತಿದ್ದಿದ. ಒಡೆಯಲು ಬಂದವರು ಲೆಕ್ಕದ ಪ್ರಕಾರ ಹನ್ನೆರಡೇ ಒಡೆದು ಹೋದರು. ಆ ಒಂಟಿ ಮೆಟ್ಟಿಲು ಹಾಗೆ ಉಳಿದದ್ದು. ಈಗಲೂ ಬೆಳಿಗ್ಗೆ ಬಸ್ಸಿಗೆ ಹೋಗುವವರು ಒಂದು ಗಳಿಗೆ ಅಲ್ಲಿಗಿಳಿದು, ನೀರಿಗೆ ಕೈಯದ್ದಿ, ತಮ್ಮ ಹೆಸರನ್ನು ಒಂದು ಸಲ ತಾವೇ ಹೇಳಿಕೊಂಡು ಹೋಗುತ್ತಾರೆ.

ಆದರೆ ಅದೆಲ್ಲ ಆಮೇಲಿನ ಮಾತು. ಆ ಸಂಜೆ ಕಟ್ಟೆಯವಳು ಎದ್ದು ಎರಡೂ ಅಂಗೈ ಒದರಿದಳು. ಖಾಲಿ ಇದ್ದವು. ಒಂದೊಂದೇ ಮೆಟ್ಟಿಲು ಹತ್ತಿದಳು, ಮಂಡಿ ನೋಯುತ್ತಿತ್ತು. ಗೇಟಿನ ಹತ್ತಿರ ಬಂದು ನಿಂತಳು. ಕಾಲು ಮುಂದೆ ಇಡಲು ಹೆದರಿಕೆಯಾಯಿತು.

ಗೇಟಿನಾಚೆ ಅಕ್ಕ ಕ್ಯಾರಿಯರನ್ನು ನೆಲಕ್ಕಿಟ್ಟಳು. ಸೊಂಟಕ್ಕೆ ಕೈಕೊಟ್ಟಳು. ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು.

"ಚಿಗಳೀ! ಬಂದ್ಯೇನೇ?"

"ಬಂದೆ ಕಣೇ" ಅಂದಳು ಅವಳು, ಗೇಟು ಎಳೆಯುತ್ತಾ.